ಇನ್ನೂರ ಮೂವತ್ತೈದರ ಮೇಲಿನ ಬಿಳಿ

ಹಿಮಬೆಟ್ಟಗಳ ತಪ್ಪಲಿನ ಕಾರಾಕೋಲ್ ಊರಿನಲ್ಲಿ ಹಿಮದ ವಿಡಿಯೋ ಎಡಿಟ್ ಮಾಡಿ ಹೊಟ್ಟೆ ಹೊರೆಯುವವನು ನಾನು, ಮೆದೆರ್. ಹೋಟೆಲಿನವರು, ಸ್ಕೀಯಿಂಗ್ ಆಡಿಸುವವರು, ಯಾರೇ ಬರಲಿ, ಒಂದೇ ರಾಗ: "ಹಿಮ ಬೆಳ್ಳಗೆ ಹೊಳೀಬೇಕಪ್ಪಾ, ಕಣ್ಣು ಕುಕ್ಕಬೇಕು." ಅದಕ್ಕೊಂದು ಸುಲಭದ ದಾರಿ ಕಂಡುಕೊಂಡಿದ್ದೆ.

ವಿಡಿಯೋದಲ್ಲಿ ಬೆಳಕನ್ನು ಅಂಕಿಯಲ್ಲಿ ಅಳೆಯುವ ಹಾಳು ಲೆಕ್ಕ ಎರಡು ಬಗೆ. ಒಂದರಲ್ಲಿ ಕಪ್ಪು ಸೊನ್ನೆ, ಬಿಳಿ ಇನ್ನೂರ ಐವತ್ತೈದು. ಇನ್ನೊಂದು ಟಿವಿಯ ಲೆಕ್ಕ. ಅಲ್ಲಿ ಕಪ್ಪು ಹದಿನಾರಕ್ಕೆ ಶುರು, ಬಿಳಿ ಇನ್ನೂರ ಮೂವತ್ತೈದಕ್ಕೇ ಮುಗಿಯುತ್ತದೆ. ಮೊದಲ ಲೆಕ್ಕದಲ್ಲಿ ತೆಗೆದದ್ದನ್ನು, ಒಂದು ಗುಂಡಿ ಒತ್ತಿ, ಕಂಪ್ಯೂಟರಿಗೆ "ಇದು ಟಿವಿಯದ್ದು" ಎಂದು ಸುಳ್ಳು ಹೇಳಿದರೆ ಸಾಕು, ಇನ್ನೂರ ಮೂವತ್ತೈದರ ಮೇಲಿನದೆಲ್ಲ ಒಂದೇ ಬಿಳಿಯಾಗಿ ಥಳಥಳಿಸುತ್ತದೆ. ವರ್ಷಗಟ್ಟಲೆ ಆ ಸುಳ್ಳನ್ನೇ ಹೇಳಿಕೊಂಡು ಬಂದೆ. ಆಮೇಲಾಮೇಲೆ ಹೇಳುತ್ತಿದ್ದೇನೆ ಎಂಬುದೂ ಮರೆತುಹೋಗಿತ್ತು.

ಜನವರಿಯಲ್ಲಿ ಸ್ಕೀ ಗೈಡ್ ಕುಬಾತ್ ಕಾಣೆಯಾದ. ಮಾರನೇ ದಿನ ಗಿರಾಕಿಗಳನ್ನು ಕರೆದೊಯ್ಯಬೇಕಿದ್ದ ಇಳಿಜಾರನ್ನು ನೋಡಿಬರಲು ನಸುಕಿನಲ್ಲಿ ಒಬ್ಬನೇ ಹತ್ತಿದ್ದ. ಹಿಮ ಕುಸಿಯಿತು. ಅದೇ ಮಧ್ಯಾಹ್ನ ರಕ್ಷಣಾ ತಂಡದ ಎರ್ಮೆಕ್ ಬೈಕೆ ಡ್ರೋನ್ ಹಾರಿಸಿ ಬೆಟ್ಟವನ್ನೆಲ್ಲ ತೆಗೆದು, ಓಡುತ್ತಾ ನನ್ನ ಹತ್ತಿರ ಬಂದರು. ಬೈಕೆ ಎಂದರೆ ಅಣ್ಣ; ನಮಗೆಲ್ಲ ಹಾಗೇ ಇರುವ ಮನುಷ್ಯ, ಮುಖದಲ್ಲಿ ರಕ್ತವೇ ಇರಲಿಲ್ಲ.

"ನಮ್ಮ ಕಂಪ್ಯೂಟರ್‌ನಲ್ಲಿ ಇದು ಓಡ್ತಾನೇ ಇಲ್ಲ ಮಾರಾಯಾ. ದೊಡ್ಡ ಟಿವೀಲಿ ನೋಡೋ ಹಾಗೆ ಮಾಡಿಕೊಡು. ಬೇಗ!"

ಎಂದಿನಂತೆಯೇ, ಹತ್ತು ನಿಮಿಷದಲ್ಲಿ ಮಾಡಿಕೊಟ್ಟೆ. ಬೇಗ ಮಾಡಿದೆನೆಂದು ಒಳಗೊಳಗೇ ಹೆಮ್ಮೆಪಟ್ಟೆ, ಥೂ ನನ್ನ ಜನ್ಮಕ್ಕಿಷ್ಟು! ಕಚೇರಿಯ ಟಿವಿಯ ಮುಂದೆ ಇಪ್ಪತ್ತು ಜನ ಕೂತು ನೋಡಿದರು, ಕುಬಾತನ ತಾಯಿ, ಅಮ್ಮ ಎಂಬಂತೆ ನಾವೆಲ್ಲ ಆಪಾ ಎನ್ನುವ ಸೈಕಾಲ್ ಆಪಾ ಕೂಡ. ಬರೀ ಬಿಳಿ. ಕುಸಿದ ರಾಶಿಯ ಮೇಲೆ ಅವನ ಸ್ಕೀ ಊರುಗೋಲೊಂದು ಮಾತ್ರ ಕಂಡಿತು. ಹಾಗಾಗಿ ಎಲ್ಲರೂ ಅಲ್ಲೇ ತೋಡಿದರು. ರಾತ್ರಿ ಹೊಸ ಹಿಮ ಬಿತ್ತು. ಐದು ದಿನ ತೋಡಿ ಕೈಬಿಟ್ಟರು.

ಮೇ ತಿಂಗಳಲ್ಲಿ ಹಿಮ ಕರಗಿದಾಗ ಅವನು ಸಿಕ್ಕಿದ್ದು ಬೆಟ್ಟದ ಆಚೆ ಬದಿಯಲ್ಲಿ, ಕುರಿಗಾಹಿಗಳ ಖಾಲಿ ಗುಡಿಸಲಿನಲ್ಲಿ. ಕಾಲು ಮುರಿದಿತ್ತು. ಮೂರು ದಿನವಾದರೂ ಬದುಕಿದ್ದ ಎಂದರು ಡಾಕ್ಟರು.

ಮಣ್ಣು ಮಾಡಿದ ನಲವತ್ತನೇ ದಿನದ ಊಟಕ್ಕೆ ಅವನ ನೆನಪಿನ ಒಂದು ವಿಡಿಯೋ ಚಿತ್ರ ಮಾಡಿಕೊಡು, ಆ ಬೆಟ್ಟವೂ ಇರಲಿ ಎಂದು ಸೈಕಾಲ್ ಆಪಾ ಹೇಳಿಕಳಿಸಿದರು. ಅದೇ ವಾರ ಒಬ್ಬ ಹೋಟೆಲಿನವನು ತನ್ನ ಚಿತ್ರವನ್ನು ವಾಪಸ್ ಎಸೆದಿದ್ದ, ಬಿಳಿ ಪರದೆಗಳ ಮೇಲಿನ ಕಸೂತಿಯೇ ಕಾಣುತ್ತಿಲ್ಲವೆಂದು. ಅವನ ವಂಶವನ್ನೆಲ್ಲ ಬೈಯುತ್ತಾ ಲೆಕ್ಕದ ಗುಂಡಿಯನ್ನು ಸರಿಮಾಡಿದೆ. ಆ ಸರಿ ಲೆಕ್ಕದಲ್ಲೇ ಕುಬಾತನ ಬೆಟ್ಟದ ವಿಡಿಯೋ ತೆರೆದೆ.

ಹಿಮದಲ್ಲಿ ಒಂದು ಗೆರೆಯಿತ್ತು. ಕುಸಿದ ರಾಶಿಯ ಅಂಚಿನಿಂದ ಹೊರಟು, ಅಲ್ಲಲ್ಲಿ ನಿಂತು, ಶಿಖರದ ಆಚೆಗೆ ಇಳಿದಿತ್ತು. ಗುಡಿಸಲಿದ್ದ ಬದಿಗೇ.

ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ, ಮುಚ್ಚಿಡುವ ಧೈರ್ಯವೂ ಇರಲಿಲ್ಲ. ಆ ಭಾಗವನ್ನು ಇದ್ದ ಹಾಗೇ ಸೇರಿಸಿ ಆಪಾರನ್ನು ನೋಡಲು ಕರೆದೆ. ಹೆಂಡತಿ ಮೇಜಿನ ಮೇಲೆ ರೊಟ್ಟಿ, ಚಹಾ ಇಟ್ಟು ಒಳಗೆ ಹೋದಳು.

ಬೆಟ್ಟ ಬಂತು. ಜೀವಮಾನವೆಲ್ಲ ಕುರಿಗಳ ಜಾಡು ನೋಡಿದ ಹೆಂಗಸಿಗೆ ಯಾರೂ ಬೆರಳಿಟ್ಟು ತೋರಿಸಬೇಕಾಗಿಲ್ಲ.

"ನಿಲ್ಸು. ಕಾಲು ಎಳೀತಾ ಹತ್ತಿದಾನೆ ನನ್ನ ಮಗ. ಯಾವತ್ತು ತೆಗೆದಿದ್ದು ಇದು?"

"ಮೊದಲನೇ ದಿನ, ಆಪಾ."

"ಅವತ್ತು ನಾನೂ ಟಿವಿ ಮುಂದೆ ಕೂತಿದ್ನಲ್ಲೋ. ಏನೂ ಕಾಣ್ಲಿಲ್ವಲ್ಲ."

"ಇತ್ತು ಆಪಾ. ನಾನೇ ಅಳಿಸಿಬಿಟ್ಟಿದ್ದೆ. ಬೇಕು ಅಂತ ಅಲ್ಲ... ಬಿಳೀದು ಇನ್ನೂರ ಮೂವತ್ತೈದು ದಾಟಿದ್ರೆ..." ಆ ಹೆಂಗಸಿನ ಮುಂದೆ ಯಾವ ಅಂಕಿ ಹೇಳಲಿ?

"ಮೂರು ದಿನ ಇದ್ದ ಅಂದ್ರಲ್ಲ ಡಾಕ್ಟ್ರು," ಎಂದರು, ತಮ್ಮಷ್ಟಕ್ಕೆ. ಮತ್ತೆ ಹಾಕಿಸಿದರು. ಒಟ್ಟು ನಾಲ್ಕು ಸಲ ನೋಡಿದರು. ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾದೆ. ಅವರು ಅಳಲೂ ಇಲ್ಲ.

"ನಾಡಿದ್ದು ಊಟಕ್ಕೆ ಎರ್ಮೆಕ್ ಬರ್ತಾನೆ. ಕೈ ಮರಗಟ್ಟೋ ತನಕ ತೋಡಿದೋರೆಲ್ಲ ಬರ್ತಾರೆ. ಜಾಡು ಮೊದಲನೇ ದಿನಾನೇ ಕಣ್ಮುಂದೆ ಇತ್ತು ಅಂತ ಅವ್ರಿಗೆ ಗೊತ್ತಾಗ್ಬಾರ್ದು. ಮೊದಲಿದ್ದ ಹಾಗೇ ಬೆಳ್ಳಗೆ ಮಾಡು."

"ನನ್ನ ಕೈಲಾಗಲ್ಲ ಆಪಾ."

"ಅವತ್ತು ಆಯ್ತಲ್ಲ. ಮಾಡು."

ಅವರ ಎದುರಿಗೇ ಗುಂಡಿ ಒತ್ತಿದೆ. ಗೆರೆ ಹೋಯಿತು. ಅವರು ಪರದೆ ನೋಡಿ ತಲೆಯಾಡಿಸಿ ಎದ್ದರು. ಹಗೆಯವನ ಮನೆಯಾದರೂ ರೊಟ್ಟಿಯ ಒಂದು ಚೂರನ್ನು ಬಾಯಿಗೆ ಹಾಕಿಕೊಳ್ಳದೆ ನಮ್ಮಲ್ಲಿ ಯಾರೂ ಹೊಸ್ತಿಲು ದಾಟುವುದಿಲ್ಲ. ಸೈಕಾಲ್ ಆಪಾ ರೊಟ್ಟಿ ಮುಟ್ಟದೆ ಹೋದರು.