ಹದಿನೇಳನೇ ಬೋರಿನ ಕಲ್ಲುಗಳು

ಕಲ್ಲಿನ ಪೆಟ್ಟಿಗೆಗೆ ಇನ್ನೊಮ್ಮೆ ನೀರು ಹಾಕಿ ಎಂದು ಗಣಿ ಕಂಪನಿಯ ತಜ್ಞೆ ಹೇಳಿದಾಗ ಉಗ್ರಾಣಿ ಆಕೆಯ ಮುಖ ನೋಡಿದ. ಒಂದು ಸಲ ನೀರು ಹಾಕಿಸುವವರು ಕಲ್ಲಿನ ಬಣ್ಣ ನೋಡುತ್ತಾರೆ, ಎರಡನೇ ಸಲ ಹಾಕಿಸುವವರಿಗೆ ಏನೋ ಅನುಮಾನ ಬಂದಿರುತ್ತದೆ. ಮೂವತ್ತೊಂದು ವರ್ಷದ ನೌಕರಿ ಅವನಿಗೆ ಇಷ್ಟನ್ನು ಕಲಿಸಿತ್ತು. ತೂತು ಮುಚ್ಚಳದ ಬಾಟಲಿಯಿಂದ ಅವನು ನೀರು ಚಿಮುಕಿಸಿದ. ಬೂದು ಬಣ್ಣಕ್ಕೆ ತಿರುಗಿ ಮಲಗಿದ್ದ ಕಲ್ಲುಗಳ ಮೈಯಲ್ಲಿ ಹಸಿರು, ಬಿಳಿ ಗೆರೆ, ಅಲ್ಲೊಂದು ಇಲ್ಲೊಂದು ಹಳದಿ ಹೊಳಪು ಕಾಣಿಸಿಕೊಂಡವು. ತಜ್ಞೆ ಒಮ್ಮೆ ಕಲ್ಲು ನೋಡಿದಳು, ಒಮ್ಮೆ ಕೈಯಲ್ಲಿದ್ದ ಹಳೆಯ ದಾಖಲೆ ಪುಸ್ತಕ ನೋಡಿದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದಳು.

ಊರಾಚೆಗಿನ ಆ ಉದ್ದನೆಯ ತಗಡಿನ ಶೆಡ್ಡಿಗೆ ಇಲಾಖೆಯವರು ಇಟ್ಟ ಹೆಸರು ಏನೇ ಇರಲಿ, ಜನ ಕರೆಯುತ್ತಿದ್ದುದು ಕಲ್ಲುಮನೆ ಎಂದು. ಅದಿರು ಹುಡುಕಲು ನೆಲ ಕೊರೆದಾಗ ಯಂತ್ರದ ಕೊಳವೆಯೊಳಗೆ ಮೇಲೆ ಬರುವ ಕಲ್ಲಿನ ದಿಂಡುಗಳನ್ನು ಅಲ್ಲಿ ಇಡುತ್ತಿದ್ದರು. ಬಳೆಯೊಳಗೆ ತೂರುವಷ್ಟು ದಪ್ಪದ ದಿಂಡುಗಳು. ಐದು ಸಾಲಿನ ಮರದ ಪೆಟ್ಟಿಗೆ, ಸಾಲಿಗೊಂದು ಮೀಟರ್. ಯಾವ ಕಲ್ಲು ಎಷ್ಟು ಆಳದ್ದು ಎಂಬುದನ್ನು ಕಲ್ಲಿನ ಮೇಲೆ ಬರೆಯುತ್ತಿರಲಿಲ್ಲ, ನಡುನಡುವೆ ಇಟ್ಟ ಮರದ ಚಕ್ಕೆಗಳ ಮೇಲೆ ಬರೆಯುತ್ತಿದ್ದರು. ಹೀಗಾಗಿ ಕಲ್ಲಿನ ಗೌರವವೆಲ್ಲ ಅದು ಇರುವ ಜಾಗದಲ್ಲಿತ್ತು. ಜಾಗ ತಪ್ಪಿದರೆ ಅದು ಬರೀ ಕಲ್ಲು.

ಇಷ್ಟು ವರ್ಷ ಇಲಿಗಳು ಬಿಟ್ಟರೆ ಬೇರಾರೂ ತಿರುಗಿ ನೋಡದ ಈ ಶೆಡ್ಡಿಗೆ ಈಗ ಇದ್ದಕ್ಕಿದ್ದಂತೆ ಕಳೆ ಬಂದಿತ್ತು. ದೇಶದ ಅದಿರು, ಕಾಡು, ನದಿಗಳಲ್ಲಿ ಖಾಸಗಿಯವರು ಬಂಡವಾಳ ಹೂಡಬಹುದು ಎಂದು ಸರ್ಕಾರ ಒಂದು ನುಣುಪು ಕಾಗದದ ಪುಸ್ತಿಕೆ ಅಚ್ಚು ಹಾಕಿಸಿತ್ತು. ಅದರ ಒಂಬತ್ತನೇ ಪುಟದಲ್ಲಿ ಇಲಾಖೆ ಹಿಂದೆ ಇಲ್ಲಿ ಕೊರೆಸಿದ್ದ ಹದಿನೇಳನೇ ಬೋರು ಇತ್ತು. ನೂರ ಹನ್ನೆರಡನೇ ಮೀಟರಿನಿಂದ ಸತತ ಹನ್ನೊಂದು ಮೀಟರ್ ತಾಮ್ರದ ಅದಿರು ಎಂದು ಹಳೆಯ ದಾಖಲೆ ಪುಸ್ತಕದಿಂದ ಎತ್ತಿ ಬರೆದಿತ್ತು. ಕಂಪನಿಯ ಮುಂದೆ ಇಂಥ ಮೂರು ಜಾಗಗಳಿದ್ದವು. ಯಾವುದನ್ನು ಕೈಬಿಡಬೇಕೆಂದು ತಿಳಿಯಲು ತಜ್ಞೆ ಬಂದಿದ್ದಳು.

ಆ ಹನ್ನೊಂದು ಮೀಟರನ್ನು ಕಂಡವರು, ಅದನ್ನು ಆ ಪುಸ್ತಕದಲ್ಲಿ ಬರೆದವರು, ಇಲಾಖೆಯ ಹಳೆಯ ಭೂವಿಜ್ಞಾನಿ, ಪಕ್ಕದ ಕುರ್ಚಿಯಲ್ಲಿ ಕೋಲು ಹಿಡಿದು ಕೂತಿದ್ದರು. ಸೊಂಟದಲ್ಲಿ ಸದಾ ಸುತ್ತಿಗೆ ಇರುತ್ತಿದ್ದುದರಿಂದ ಇಲಾಖೆಗೆಲ್ಲ ಅವರು ಸುತ್ತಿಗೆ ಸಾಹೇಬರು. ಬೋರು ಮುಗಿದ ತಿಂಗಳಲ್ಲೇ ಅವರಿಗೆ ದೂರದೂರಿಗೆ ವರ್ಗವಾಗಿತ್ತು. ಅವರು ಹೋದ ಮೇಲೆ ಪ್ರಧಾನ ಕಚೇರಿಯಿಂದ ಬಂದ ಒಬ್ಬ ಅಧಿಕಾರಿ ಪೆಟ್ಟಿಗೆಗಳನ್ನು ಮೇಲ್ಮೇಲೆ ನೋಡಿ, ಅದಿರು ಚದುರಿದೆ, ಪ್ರಯೋಜನವಿಲ್ಲ ಎಂದು ಬರೆದು ಕಡತ ಮುಚ್ಚಿದ್ದ. ಸಾಹೇಬರು ಅಲ್ಲಿಂದ ಪತ್ರದ ಮೇಲೆ ಪತ್ರ ಬರೆದರು. ಕಡೆಗೆ ಅದೊಂದು ತಮಾಷೆಯಾಯಿತು. ಬಡ್ತಿ ಯಾವಾಗ ಎಂದು ಯಾರಾದರೂ ಕೇಳಿದರೆ, ಅದು ಸುತ್ತಿಗೆ ಸಾಹೇಬರ ತಾಮ್ರ, ಬರುತ್ತಲೇ ಇದೆ ಎಂದು ನಗುತ್ತಿದ್ದರು. ನಿವೃತ್ತರಾಗಿ ಅವರು ಈ ಊರಿಗೆ ಮರಳುವಷ್ಟರಲ್ಲಿ ಕಣ್ಣು ಹೋಗಿತ್ತು, ಬೆಳಕು ಯಾವುದು ಕತ್ತಲೆ ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು. ಒಂಬತ್ತನೇ ಪುಟವನ್ನು ಮೊಮ್ಮಗಳ ಕೈಯಲ್ಲಿ ಎಷ್ಟು ಸಲ ಓದಿಸಿದ್ದರೋ ಏನೋ, ಇಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು.

ತಜ್ಞೆ ದನಿ ತಗ್ಗಿಸಿ ಮಾತಾಡಿದಳು. ಪುಸ್ತಕದಲ್ಲಿ ಅದಿರು ಒಂದೇ ಕಡೆ ಸತತವಾಗಿದೆ, ಪೆಟ್ಟಿಗೆಯಲ್ಲಿ ನೋಡಿದರೆ ನಾಲ್ಕು ಪೆಟ್ಟಿಗೆಯ ತುಂಬ ಗೇಣು ಗೇಣು ಚದುರಿದೆ, ಎರಡಕ್ಕೂ ತಾಳೆಯಾಗುತ್ತಿಲ್ಲ ಎಂದಳು. ಆಕೆಯ ಜೊತೆ ಬಂದಿದ್ದ ಇಲಾಖೆಯ ಈಗಿನ ಅಧಿಕಾರಿ, ಆ ಕಾಲದಲ್ಲಿ ಉತ್ಸಾಹದಿಂದ ಒಂದಿಷ್ಟು ಹೆಚ್ಚು ಬರೆಯುವುದು ಇತ್ತು ಎಂದು ಹಲ್ಲು ಕಿರಿದ. ಸಾಹೇಬರ ಮುಖ ಕಪ್ಪಿಟ್ಟಿತು.

"ನಾನು ಕಂಡಿದ್ದನ್ನ ಬರೆದಿದ್ದೀನಮ್ಮ," ಎಂದರು. "ಕಾಣದೇ ಇರೋದನ್ನ ಬರೆದಿಲ್ಲ."

ಆಕೆ ತಲೆಯಾಡಿಸಿದಳು. ಹಿರಿಯರಿಗೆ ಇಲ್ಲವೆನ್ನಲಾಗದೆ ಆಡಿಸಿದ ತಲೆ ಅದು. ಅದೂ ಅವರಿಗೆ ಕಾಣುವಂತಿರಲಿಲ್ಲ.

ಬಾಟಲಿ ಹಿಡಿದು ನಿಂತ ಉಗ್ರಾಣಿಗೆ ಮಾತ್ರ ಎಲ್ಲವೂ ಗೊತ್ತಿತ್ತು. ಈ ಪೆಟ್ಟಿಗೆಗಳು ಬಂದಾಗ ಅವನು ಕೆಲಸಕ್ಕೆ ಸೇರಿ ಎಂಟು ದಿನವೂ ಆಗಿರಲಿಲ್ಲ. ಲಾರಿಯಿಂದ ಪೆಟ್ಟಿಗೆ ಇಳಿಸುವಾಗ ಕೈ ಜಾರಿ ನಾಲ್ಕು ಪೆಟ್ಟಿಗೆ ಒಂದರ ಮೇಲೊಂದು ಬಿದ್ದಿದ್ದವು. ಇಪ್ಪತ್ತು ಮೀಟರ್ ಕಲ್ಲು ಅಂಗಳದ ತುಂಬ. ಲಾರಿಯವನು ಊಟಕ್ಕೆ ಹೋಗಿದ್ದ, ಸುತ್ತ ಯಾರೂ ಇರಲಿಲ್ಲ. ಅವನಿಗೆ ಆಗ ಗೊತ್ತಿದ್ದ ಅಚ್ಚುಕಟ್ಟು ಒಂದೇ, ಉದ್ದದ್ದು ಉದ್ದದ್ದರ ಜೊತೆ, ಗಿಡ್ಡದ್ದು ಗಿಡ್ಡದ್ದರ ಜೊತೆ. ಹಾಗೆ ಅಳತೆ ನೋಡಿ, ಒಂದು ಸಾಲೂ ಸೊಟ್ಟ ಬಾರದಂತೆ ಜೋಡಿಸಿ, ಮರದ ಚಕ್ಕೆಗಳನ್ನು ಸಮ ದೂರಕ್ಕೆ ಸಿಕ್ಕಿಸಿ ಮುಚ್ಚಳ ಬಡಿದ. ಎಷ್ಟು ಚೆನ್ನಾಗಿ ಜೋಡಿಸಿದ್ದೀಯ ಎಂದು ಸಂಜೆ ಮೇಲ್ವಿಚಾರಕ ಬೆನ್ನು ತಟ್ಟಿದ. ಆ ಪ್ರಧಾನ ಕಚೇರಿಯ ಅಧಿಕಾರಿ 'ಚದುರಿದೆ' ಎಂದ ದಿನವೇ ಉಗ್ರಾಣಿಗೆ ಕಸಿವಿಸಿಯಾಗಿತ್ತು. ಬಾಯಿ ಬಿಡಲಿಲ್ಲ. ನೌಕರಿ ಕಾಯಂ ಆಗಿರಲಿಲ್ಲ, ಮದುವೆ ಗೊತ್ತಾಗಿತ್ತು. ಆಮೇಲೆ ಆ ಸುಳ್ಳಿನ ಮೇಲೆ ವರ್ಷಗಳು ಧೂಳಿನ ಹಾಗೆ ಕೂತವು.

ಇನ್ನು ಐದು ತಿಂಗಳಿಗೆ ಅವನ ನಿವೃತ್ತಿ. ಇಂಥವನ ಕೈಯಲ್ಲಿ ಒಂದು ಕಲ್ಲೂ ಅತ್ತಿತ್ತ ಆಗಿಲ್ಲ ಎಂದು ಬೀಳ್ಕೊಡುಗೆಯಲ್ಲಿ ಹೇಳುತ್ತಾರೆಂದು ಅವನಿಗೆ ಗೊತ್ತಿತ್ತು. ಸುಮ್ಮನಿದ್ದರೆ ತಜ್ಞೆ ಸಂಜೆಯ ಗಾಡಿ ಹತ್ತುತ್ತಾಳೆ, ಸಾಹೇಬರು ಸುಳ್ಳು ಬರೆದವರೆಂದೇ ಸಾಯುತ್ತಾರೆ. ಅವನು ಅವರ ಕಡೆ ನೋಡಿದ. ಅವರು ಇಸ್ತ್ರಿ ಅಂಗಿಯ ತೋಳನ್ನು ಬೆರಳಲ್ಲಿ ನೀವುತ್ತಿದ್ದರು. ಅವನಿಗೆ ತಡೆಯಲಾಗಲಿಲ್ಲ.

"ಪುಸ್ತಕ ಸರಿ ಇದೆ ಮೇಡಂ," ಎಂದ. "ಪೆಟ್ಟಿಗೆ ತಪ್ಪು. ನಾನು ಬೀಳಿಸಿದೆ. ಬೀಳಿಸಿ, ಗೊತ್ತಿಲ್ಲದೆ ಹೆಂಗೋ ಜೋಡಿಸಿದೆ."

ಶೆಡ್ಡಿನ ತಗಡು ಬಿಸಿಲಿಗೆ ಚಟಚಟ ಎನ್ನುತ್ತಿತ್ತು. ಅಧಿಕಾರಿ ಅವನನ್ನು ದುರುಗುಟ್ಟಿ ನೋಡಿದ. ತಜ್ಞೆ, ನೀವು ಹೇಳುವುದನ್ನು ನಂಬಬಾರದೆಂದಲ್ಲ, ಆದರೆ ಹೀಗೆ ಯಾರು ಬೇಕಾದರೂ ಹೇಳಬಹುದು, ಇದನ್ನು ನಾನು ಕಂಪನಿಗೆ ಬರೆಯಲಾಗುವುದಿಲ್ಲ ಎಂದಳು. ನ್ಯಾಯವಾದ ಮಾತೇ. ಸಾಹೇಬರು ಕೋಲನ್ನು ಗೋಡೆಗೆ ಒರಗಿಸಿ ಎದ್ದರು.

"ಪೆಟ್ಟಿಗೆ ನೆಲಕ್ಕೆ ಇಳಿಸು," ಎಂದರು. "ಮುರಿದ ಬಾಯಿ ಸುಳ್ಳು ಹೇಳಲ್ಲ."

ಒಂದು ದಿಂಡು ಎಲ್ಲಿ ಮುರಿದಿರುತ್ತದೋ ಅಲ್ಲಿ ಅದರ ಪಕ್ಕದ ತುಂಡು ಮಾತ್ರ ಕೂರುತ್ತದೆ, ಬೇರೆ ಯಾವುದೂ ಕೂರುವುದಿಲ್ಲ. ತಜ್ಞೆಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ಆಕೆ ಕೈಗಡಿಯಾರ ನೋಡಿಕೊಂಡಳು, ಆಮೇಲೆ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತಳು.

ನೂರಕ್ಕೂ ಹೆಚ್ಚು ತುಂಡುಗಳು. ಉಗ್ರಾಣಿ ಒಂದೊಂದನ್ನೇ ಸಾಹೇಬರ ಕೈಗೆ ಕೊಡುವುದು, ಅವರು ಹೆಬ್ಬೆರಳಿನಲ್ಲಿ ಅದರ ಬಾಯಿ ಸವರಿ, ಇದಲ್ಲ, ಇದೂ ಅಲ್ಲ, ಆಗಲೇ ಕೊಟ್ಟೆಯಲ್ಲ ಒಂದು ಮೂಲೆ ಮುರಿದದ್ದು, ಅದನ್ನು ತಾ ಎನ್ನುವುದು. ಕಣ್ಣಿದ್ದ ಮೂವರಿಗಿಂತ ಅವರ ಬೆರಳೇ ಮುಂದಿತ್ತು. ಸರಿಯಾದದ್ದು ಸಿಕ್ಕಾಗ ಟಕ್ಕೆಂದು ಸಣ್ಣ ಸದ್ದಾಗುತ್ತಿತ್ತು, ಸೇರಿದ ಗೆರೆ ಎಲ್ಲಿದೆ ಎಂದು ಹುಡುಕಬೇಕಾಗುತ್ತಿತ್ತು. ಮೊದಲ ಮೂರು ಮೀಟರಿಗೆ ಒಂದು ಗಂಟೆ ಹಿಡಿಯಿತು. ಆಮೇಲೆ ಕೈ ಓಡಿತು. ಅಧಿಕಾರಿ ಕೂಡ ಪ್ಯಾಂಟಿನ ಇಸ್ತ್ರಿ ಮರೆತು ಮಂಡಿಯೂರಿದ.

ಒಂದು ತುಂಡು ಕೈಯಲ್ಲಿ ಹಿಡಿದೇ ಸಾಹೇಬರು ಕೇಳಿದರು, "ಸುತ್ತಿಗೆ ಸಾಹೇಬರ ತಾಮ್ರ ಅಂತ ನಗ್ತಿದ್ರಂತಲ್ಲ. ನೀನೂ ನಗ್ತಿದ್ದೆಯಾ?"

ಇಲ್ಲವೆನ್ನುವುದು ಸುಲಭವಿತ್ತು. "ನಗ್ತಿದ್ದೆ ಸರ್," ಎಂದ ಉಗ್ರಾಣಿ. ನಗದಿದ್ದರೆ ಯಾರಿಗಾದರೂ ಗೊತ್ತಾದೀತೆಂಬ ಭಯಕ್ಕೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ, ಅದನ್ನು ಹೇಳಲು ನಾಲಿಗೆ ಏಳಲಿಲ್ಲ. ಸಾಹೇಬರು ತುಂಬ ಹೊತ್ತಿನವರೆಗೆ ಅವನ ಕಡೆ ಕೈಯನ್ನೂ ಚಾಚಲಿಲ್ಲ, ಕಲ್ಲುಗಳನ್ನು ತಜ್ಞೆಯಿಂದ ಇಸಿದುಕೊಂಡರು. ಅವನಿಗೆ ಅಳು ಬಂದಂತಾಯಿತು. ಆದರೂ ಅಲ್ಲೇ ಕೂತಿದ್ದ.

ಮೂರು ಗಂಟೆಯ ಹೊತ್ತಿಗೆ ಹಳದಿ ಹೊಳಪಿನ ತುಂಡುಗಳೆಲ್ಲ ಒಂದೇ ಕಡೆ ಸೇರಿಕೊಂಡವು. ನೂರ ಹನ್ನೆರಡು, ಹದಿಮೂರು, ಹದಿನಾಲ್ಕು. ತಜ್ಞೆ ಪುಸ್ತಕದ ಸಾಲುಗಳ ಮೇಲೆ ಬೆರಳಿಟ್ಟು ತಾಳೆ ನೋಡುತ್ತಿದ್ದಳು. ನೂರ ಹದಿನೇಳಕ್ಕೆ ಬಂದಾಗ ಸಾಹೇಬರ ಬೆರಳು ನಿಂತಿತು.

"ಇಲ್ಲೊಂದು ಇಲ್ಲ. ಗೇಣುದ್ದದ್ದು. ಅಷ್ಟೂ ಕಲ್ಲಿನಲ್ಲಿ ಅದೇ ಚೆನ್ನಾಗಿತ್ತು."

ಒಂದು ಗೇಣು ಹೋದರೇನಂತೆ, ಇಷ್ಟು ಸಾಕು ಎಂದು ತಜ್ಞೆ ಹೇಳಿದಳು. ಉಗ್ರಾಣಿ ಆ ಮಾತನ್ನೇ ಹಿಡಿದುಕೊಂಡು ಸುಮ್ಮನಿರಬಹುದಿತ್ತು. ಬೀಳಿಸಿದವನು ಎಂಬ ಹೆಸರಿನಲ್ಲಿ ಬದುಕಬಹುದು, ಕದ್ದವನು ಎಂಬ ಹೆಸರಿನಲ್ಲಿ ಕಷ್ಟ. ಆದರೆ ಸಾಹೇಬರ ಹೆಬ್ಬೆರಳು ಆ ಖಾಲಿ ಜಾಗದ ಎರಡು ದಡಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿತ್ತು. ಅವನು ಎದ್ದು, ಈಗ ಬಂದೆ ಎಂದು ಸೈಕಲ್ಲು ಹತ್ತಿದ.

ಪೆಟ್ಟಿಗೆ ಬಿದ್ದ ಆ ದಿನ ಮುಚ್ಚಳಗಳನ್ನೆಲ್ಲ ಬಡಿದಾದ ಮೇಲೆ ಲಾರಿಯ ಚಕ್ರದ ಹಿಂದೆ ಕಂಡ ತುಂಡು ಅದು. ಮತ್ತೆ ಮೊಳೆ ಕೀಳಲು ಧೈರ್ಯವಾಗದೆ ಊಟದ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಿದ್ದ. ದಾರಿಯಲ್ಲಿ ಸಿಕ್ಕಿತು ಎಂದು ಮದುವೆಯಾದ ಮೇಲೆ ಹೆಂಡತಿಗೂ ಹೇಳಿದ್ದ. ಅಂದಿನಿಂದ ಅದು ಬಾಗಿಲ ಕಲ್ಲು. ಗಾಳಿಗೆ ಬಡಿಯುವ ಮುಂಬಾಗಿಲಿಗೆ ಅಡ್ಡ ಕೂತು ಮಕ್ಕಳ ಕಾಲಿಗೆ ತೊಡರಿ, ಬೈಸಿಕೊಂಡು, ಮನೆಯವರಲ್ಲಿ ಒಬ್ಬರಂತಾಗಿತ್ತು.

ಹೊತ್ತಲ್ಲದ ಹೊತ್ತಿನಲ್ಲಿ ಬಂದು ಕಲ್ಲೆತ್ತಿಕೊಂಡ ಗಂಡನನ್ನು ಹೆಂಡತಿ ಬೆರಗಾಗಿ ನೋಡಿದಳು. "ಅದ್ಯಾಕ್ರೀ ಬಾಗಿಲ ಕಲ್ಲು?"

"ಇದು ಆಫೀಸಿಂದು ಕಣೇ," ಎಂದ. "ವಾಪಸ್ ಕೊಡಬೇಕು."

ಆಕೆ ಅವನ ಮುಖವನ್ನೊಮ್ಮೆ ನೋಡಿ, ಮುಂದೆ ಏನನ್ನೂ ಕೇಳದೆ, ಕಲ್ಲನ್ನು ಇಸಿದುಕೊಂಡು ಹಿತ್ತಲಿನ ನಲ್ಲಿಯಲ್ಲಿ ತೊಳೆದು ಟವಲಿನಲ್ಲಿ ಸುತ್ತಿ ಕೊಟ್ಟಳು.

ಒಂದು ಪಕ್ಕ ಸವೆದು ಚಪ್ಪಟೆಯಾಗಿತ್ತು. ಕಲ್ಲುಮನೆಯಲ್ಲಿ ಸಾಹೇಬರು ಅದನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದರು, ಸವೆದ ಕಡೆಗೆ ಬಂದಾಗ ತಡೆದರು. ಎಲ್ಲಿತ್ತು ಎಂದು ಕೇಳಿದರು. ಉಗ್ರಾಣಿ ಇದ್ದದ್ದನ್ನು ಇದ್ದಂತೆ ಹೇಳಿದ. ಸಾಹೇಬರ ತುಟಿಯ ಅಂಚಿನಲ್ಲಿ ನಗುವೋ ಸಿಟ್ಟೋ ಒಂದು ಬಂದು ಹೋಯಿತು. ಆಮೇಲೆ ಬಾಗಿ, ಬೆರಳಿನಿಂದ ಜಾಗ ಹುಡುಕಿ ಇಳಿಸಿದರು. ಟಕ್ಕೆಂದಿತು. ಆ ಕಡೆಯೂ ಟಕ್ಕೆಂದಿತು.

"ನೀರು ಹಾಕು," ಎಂದು ಅವನ ಕಡೆ ಕೈ ಚಾಚಿದರು. "ಏನು ಕಾಣುತ್ತೆ, ಹೇಳು."

ಉಗ್ರಾಣಿ ಹೇಳತೊಡಗಿದ. ಹೆಬ್ಬೆರಳ ಗಾತ್ರದ ಹಳದಿ ಪಟ್ಟೆ ಇದೆ ಸರ್, ಓರೆಯಾಗಿ, ಹೊಳೀತಿದೆ, ಪಕ್ಕದ್ದಕ್ಕೂ ಹಾಗೇ ಮುಂದುವರಿದಿದೆ. ತಜ್ಞೆ ಪೆನ್ನಿನ ಮುಚ್ಚಳ ತೆಗೆದಳು. ದಾಖಲೆ ಸರಿ, ಪೆಟ್ಟಿಗೆಯ ಕಲ್ಲು ಅದಲುಬದಲಾಗಿತ್ತು, ಮರುಜೋಡಿಸಿ ಪರಿಶೀಲಿಸಲಾಗಿದೆ ಎಂದು ಬರೆದು, ಸಾಹೇಬರಿಗೆ ಕೇಳುವಂತೆ ಗಟ್ಟಿಯಾಗಿ ಓದಿದಳು. ಕಂಪನಿ ಏನು ಮಾಡುತ್ತದೋ ಅದು ನನ್ನ ಕೈಯಲ್ಲಿಲ್ಲ ಎಂದೂ ಸೇರಿಸಿದಳು. ಸಾಹೇಬರು, ಅದು ನನ್ನ ಕೈಯಲ್ಲೂ ಎಂದೂ ಇರಲಿಲ್ಲಮ್ಮ ಎಂದರು. ಅವರ ಕಣ್ಣಂಚು ಒದ್ದೆಯಾಗಿತ್ತು. ಅಧಿಕಾರಿ ಹೊರಡುವ ಮುನ್ನ, ನಾಳೆ ಹತ್ತು ಗಂಟೆಗೆ ಲಿಖಿತ ವಿವರಣೆ ಬೇಕು ಎಂದು ಉಗ್ರಾಣಿಗೆ ಹೇಳಿದ. ಮೆಟ್ಟಿಲು ಇಳಿಯುವಾಗ ಸಾಹೇಬರು ಕೋಲನ್ನು ಎಡಗೈಗೆ ಬದಲಿಸಿಕೊಂಡು ಬಲಗೈಯನ್ನು ಉಗ್ರಾಣಿಯ ಭುಜದ ಮೇಲಿಟ್ಟರು. ಆಟೋ ಹತ್ತುವವರೆಗೂ ತೆಗೆಯಲಿಲ್ಲ.

ಸಂಜೆ ಅವನು ಮನೆಯಲ್ಲಿ ಬಿಳಿ ಹಾಳೆಯ ಮುಂದೆ ಕೂತ. ಮುಂಬಾಗಿಲು ಗಾಳಿಗೆ ಧಡ್ ಎಂದು ಬಡಿಯಿತು. ಹೆಂಡತಿ ಒಂದು ಚಪ್ಪಲಿ ತಂದು ಅಡ್ಡ ಇಟ್ಟಳು, ಅದು ನಿಲ್ಲಲಿಲ್ಲ. ಬಕೆಟ್ಟು ಇಟ್ಟಳು, ಅದೂ ಜಾರಿತು. ಕಲ್ಲು ಇದ್ದ ಜಾಗದಲ್ಲಿ ಗೇಣುದ್ದ ನೆಲ ಮಾತ್ರ ಹೊಸದರಂತೆ ಉಳಿದಿತ್ತು. ಅವನು ಪೆನ್ನು ಕೆಳಗಿಟ್ಟು ಎದ್ದುಹೋಗಿ ಬಾಗಿಲನ್ನು ಪೂರ್ತಿ ತೆರೆದು, ಬೆನ್ನನ್ನು ಅದಕ್ಕೆ ಆನಿಸಿ ಹೊಸ್ತಿಲ ಬಳಿ ಕೂತುಕೊಂಡ. ಹಾಳೆಯನ್ನು ಇಲ್ಲಿಗೇ ತಂದುಕೊಡು ಎಂದು ಹೆಂಡತಿಗೆ ಹೇಳಿದ.