ಅಶ್ಮಾವಿಯ ಆಣೆ

"ದಿನಕ್ಕೆ ಎಷ್ಟು ಸೇದ್ತೀರಿ?" ಡಾಕ್ಟರು ಎಕ್ಸ್‌ರೇಯಿಂದ ಕಣ್ಣು ತೆಗೆಯದೆಯೇ ಕೇಳಿದರು.

"ಸೇದಲ್ಲ ಡಾಕ್ಟ್ರೇ, ಬಿಟ್ಟು ಎಷ್ಟೋ ವರ್ಷ ಆಯ್ತು. ಟ್ಯಾಕ್ಸಿ ಓಡಿಸ್ತೀನಿ."

"ಟ್ಯಾಕ್ಸಿಯೋರೆಲ್ಲ ಹೀಗೇ ಹೇಳೋದು. ನಿಮ್ಮ ಎದೆ ಬೇರೇನೇ ಹೇಳ್ತಿದೆ."

ಪಕ್ಕದಲ್ಲಿ ಕೂತಿದ್ದ ಹೆಂಡತಿ ನಗ್ಲಾ ಗಂಡನತ್ತ ತಿರುಗಿ ನೋಡಿದಳು. ಕೆಟ್ಟೆ ಎಂದು ಅಶ್ಮಾವಿಗೆ ಅಲ್ಲೇ ಗೊತ್ತಾಯಿತು. ಅವನು ಸಿಗರೇಟನ್ನು ಸುಮ್ಮನೆ ಬಿಟ್ಟವನಲ್ಲ. "ಇನ್ನೊಂದು ತುಟಿಗಿಟ್ಟರೆ ನಗ್ಲಾಗೆ ತಲಾಕ್ ಆದಂತೆ" ಎಂದು ಮಾವನ ಎದುರು ಆಣೆ ಇಟ್ಟಿದ್ದ. ಕೈರೋದ ಗಂಡಸರು ಟೊಮೇಟೊ ಚೌಕಾಸಿಗೂ ಈ ಆಣೆ ಇಡುತ್ತಾರೆ, ಸಂಜೆಗೆ ಮರೆಯುತ್ತಾರೆ. ಮಾವ ತೀರಿಕೊಂಡರು. ಅತ್ತೆ ತಫೀದಾ ಮಾತ್ರ ಮರೆತಿರಲಿಲ್ಲ.

ಅವತ್ತೇ ಅತ್ತೆ ಬಂದು ಮಗಳನ್ನು ತನ್ನ ಮನೆಗೆ ಕರೆದೊಯ್ಯಲು ಅವಳ ಬಟ್ಟೆ ಗಂಟು ಕಟ್ಟಿದಳು. "ಆಣೆ ಮುರಿದೋನ ಜೊತೆ ಸಂಸಾರ ಮಾಡೋದು ಹರಾಮು."

"ಕುರಾನ್ ಮುಟ್ಟಿ ಹೇಳ್ತೀನಿ ಅತ್ತೆ, ಸೇದಿಲ್ಲ."

"ಒಂದು ಆಣೆ ನುಂಗಿದೋನಿಗೆ ಎರಡನೇದು ಗಂಟಲಲ್ಲಿ ಸಿಕ್ಕೊಳತ್ತಾ?"

ಅಶ್ಮಾವಿ ಹೆಂಡತಿಯ ಮುಖ ನೋಡಿದ. "ನೀನಾದ್ರೂ ಹೇಳು."

"ನಿನ್ನ ಅಂಗಿ ಒಗೆಯೋಳು ನಾನು," ಎಂದಳು ನಗ್ಲಾ. "ಅದರ ಹೊಗೆ ನಾತ ನಂಗೊತ್ತಿಲ್ವಾ?"

ಅಶ್ಮಾವಿಗೆ ತಲೆ ಕೆಟ್ಟುಹೋಯಿತು. ತಪ್ಪು ಮಾಡಿ ಬೈಸಿಕೊಂಡರೆ ಸಹಿಸಬಹುದು, ಮಾಡದ್ದಕ್ಕೆ ಹೇಗೆ ಸಹಿಸುವುದು? "ನಾಳೆ ಇಡೀ ದಿನ ನನ್ನ ಕಾರಲ್ಲಿ ಕೂತ್ಕೋ," ಎಂದು ಕೂಗಾಡಿದ. "ಎಲ್ಲಿ ಸೇದ್ತೀನೋ ಕಣ್ಣಾರೆ ನೋಡು!"

ನಗ್ಲಾ ಒಪ್ಪಿದಳು. ಆದರೆ ಹಿಂದಿನ ಸೀಟಿನಲ್ಲೇ ಕೂರಬೇಕೆಂದು ಅತ್ತೆ ಕಟ್ಟಪ್ಪಣೆ ಮಾಡಿದಳು. ಗಂಡನೋ ಅಲ್ಲವೋ ತೀರ್ಮಾನವಾಗದವನ ಪಕ್ಕ ಕೂರುವಂತಿಲ್ಲವಂತೆ. ಹೀಗೆ ಮರುದಿನ ಬೆಳಿಗ್ಗೆ ಶುಬ್ರಾದ ಅತ್ತೆಮನೆಯಿಂದ ಅಶ್ಮಾವಿ ಸ್ವಂತ ಹೆಂಡತಿಯನ್ನು ಬಾಡಿಗೆ ಪ್ರಯಾಣಿಕಳಂತೆ ಹತ್ತಿಸಿಕೊಂಡು ಹೊರಟ.

ಏಸಿ ಕೆಟ್ಟು ಎರಡು ಬೇಸಿಗೆ ಕಳೆದಿತ್ತು. ಸೇತುವೆಯ ಮೇಲೆ ವಾಹನಗಳೆಲ್ಲ ನಿಂತುಬಿಟ್ಟವು. ಮುಂದಿನ ಮೈಕ್ರೋಬಸ್ಸಿನ ಹೊಗೆ ನೇರ ಒಳಗೆ ನುಗ್ಗಿತು.

"ಕಿಟಕಿ ಮುಚ್ಚು," ಎಂದಳು ನಗ್ಲಾ.

ಮುಚ್ಚಿದ. ಕಾರು ರೊಟ್ಟಿ ಒಲೆಯಾಯಿತು. ಕಾಲಡಿಯ ರಬ್ಬರ್ ಹಾಸಿನ ಸಂದಿಯಿಂದ ಕಾರಿನದೇ ಹೊಗೆ ಮೇಲೇಳತೊಡಗಿತು.

"ತೆಗಿ, ಸತ್ತೋಗ್ತೀನಿ!"

"ಮುಚ್ಚಲೋ ತೆಗೀಲೋ, ಒಂದು ಹೇಳು!" ಎಂದ ಅವನು. ಅನುಭವಿಸಲಿ ಎಂಬ ಕೆಟ್ಟ ಖುಷಿ ಅವನಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಹಿಂದಿನಿಂದ ಕೆಮ್ಮು ಶುರುವಾಯಿತು. ಥೇಟ್ ಅವನದೇ ಕೆಮ್ಮು. ಖುಷಿ ಅಲ್ಲಿಗೆ ಸತ್ತಿತು. ಮನೆಗೆ ಬಿಡಲೇ ಎಂದು ಕೇಳಿದ. ಬೇಡ ಎಂದು ಕೈಯಾಡಿಸಿದಳು.

ಸಂಜೆ ಅತ್ತೆಮನೆಯ ಬಾಗಿಲಲ್ಲಿ ತಫೀದಾ ಮಗಳ ತಲೆಬಟ್ಟೆ ಮೂಸಿ ಎದೆ ಬಡಿದುಕೊಂಡಳು. "ಅಯ್ಯೋ ನನ್ನ ಹಣೆಬರಹವೇ! ನಿನಗೂ ಕಲಿಸಿಬಿಟ್ನಾ?"

ನಗ್ಲಾ ಒಳಗೆ ಹೋಗಿ ತನ್ನ ಗಂಟು ಎತ್ತಿಕೊಂಡು ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ಅಶ್ಮಾವಿ ಗೆದ್ದಿದ್ದ. ಬೀದಿಗೆಲ್ಲ ಕೇಳುವಂತೆ ಹಾರ್ನ್ ಹೊಡೆದು ಕಾರು ತಿರುಗಿಸಿದ.

"ಈಗಲಾದ್ರೂ ನಂಬಿದ್ಯಾ?"

"ನಂಬ್ದೆ." ಗಂಟನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಅವಳ ದನಿ ಒಡೆಯಿತು. "ಸಿಗರೇಟೇ ಆಗಿದ್ರೆ ಚೆನ್ನಾಗಿತ್ತು ಅಶ್ಮಾವಿ. ಜಗಳ ಆಡಿಯಾದ್ರೂ ಬಿಡಿಸ್ತಿದ್ದೆ. ಹೊಟ್ಟೆಪಾಡು ಹೇಗೆ ಬಿಡಿಸ್ಲಿ?"

ರಸ್ತೆಬದಿಯಲ್ಲಿ ಒಬ್ಬ ಕೈ ಅಡ್ಡ ಹಿಡಿದ. ಅಭ್ಯಾಸಬಲದಿಂದ ಕಾಲು ಬ್ರೇಕ್ ಒತ್ತಿತು.

"ಅತಬಾಕ್ಕೆ ಬರ್ತೀರಾ ಉಸ್ತಾದ್?"

ಅಶ್ಮಾವಿ ನಗ್ಲಾಳ ಕಡೆ ನೋಡಿದ. ಅವಳು ಕೆಮ್ಮುತ್ತಲೇ ಹಿಂದಕ್ಕೆ ಬಾಗಿ, ಕೈ ಚಾಚಿ, ಹಿಂದಿನ ಬಾಗಿಲು ತೆರೆದಳು.