ಅಕ್ಕಿ ತುಂಬದ ಬುಟ್ಟಿ

"ಲಗೂನ ಉಪ್ಪು ತುಂಬ್ರಿ, ಹೊತ್ತಾತು!" ನೆರೆಮನೆಯ ಈರಕ್ಕ ಅಂಗಳದಲ್ಲಿ ಎಲ್ಲರನ್ನೂ ಅವಸರಿಸುತ್ತಿದ್ದಳು.

ಒಳಗೆ ತೀರಿಕೊಂಡ ಕಾಶೆವ್ವನನ್ನು ಗೋಡೆಗೆ ಆನಿಸಿ ಕೂಡ್ರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಹೂಳುವ ಕುಣಿಗೆ ಹಾಕುವ ಉಪ್ಪು ಒಯ್ಯಲು ಅಂಬೇವಾಡಿಯ ಹೆಂಗಸರು ತಂತಮ್ಮ ಮನೆಯ ಬುಟ್ಟಿ ತಂದಿದ್ದರು. ಎಲ್ಲವೂ ಕಾಶೆವ್ವನ ಕೈಯವೇ. ಕಾಗದದ ಮಿಲ್ಲಿನವರು ಬೇಡವೆಂದು ಚೆಲ್ಲಿದ ಬಿದಿರಿನ ತಿರುಳನ್ನು ಹೊತ್ತು ತಂದು, ತೊಳೆದು, ಭತ್ತದ ಹೊಟ್ಟು, ಅರೆದ ಮೆಂತ್ಯ ಕೂಡಿಸಿ ಕುಟ್ಟಿ, ಬೋರಲು ಹಾಕಿದ ಕೊಡಕ್ಕೆ ಮೆತ್ತಿ ಒಣಗಿಸಿದವು. ಮೊದಮೊದಲು ಮೂಗು ಮುರಿದವರೇ ಆಮೇಲೆ ಅವಳ ಬಾಗಿಲಿಗೆ ಬಂದು ಕೇಳಿ ಒಯ್ದಿದ್ದರು.

ಧಾರವಾಡದಿಂದ ಬಂದಿಳಿದ ಮಗಳು ಶಂಕ್ರವ್ವನ ಕೈ ಮಾತ್ರ ಬರಿದಾಗಿತ್ತು.

"ನಿನ್ನ ಬುಟ್ಟಿ ಎಲ್ಲೈತೆವಾ?" ಕಾಶೆವ್ವನ ಗೆಳತಿ ರೋಷನಬಿ ಕೇಳಿದಳು. "ನಿಂದು ಎಲ್ಲಾಕಿಂತ ದೊಡ್ಡದಂತ. ನನ್ನ ಮಗಳು ಅದರಾಗ ಅಕ್ಕಿ ಇಡತಾಳ, ಬಂದವರಿಗೆಲ್ಲಾ ತೋರಸ್ತಾಳ ಅಂತ ನಿಮ್ಮವ್ವ ದಿನಾ ಹೇಳಾಕಿ."

ಶಂಕ್ರವ್ವ ಬರಿಗೈಯನ್ನು ಸೆರಗಿನೊಳಗೆ ಮರೆಮಾಡಿದಳು.

*

ಅರವತ್ತನೇ ಇಸವಿಯಲ್ಲಿ ಶಂಕ್ರವ್ವನ ಮದುವೆಯಾದ ಹೊಸದರಲ್ಲಿ, ಅವ್ವ ಆ ಬುಟ್ಟಿಯನ್ನು ಧಾರವಾಡದವರೆಗೂ ಹೊತ್ತು ತಂದಿದ್ದಳು. ಅವ್ವ ಅತ್ತ ಹೋದದ್ದೇ ತಡ, ಅತ್ತೆ ಸುಶೀಲವ್ವ ಬುಟ್ಟಿಯನ್ನು ಮೂಸಿ ನೋಡಿದಳು.

"ಮಿಲ್ಲಿನ ಹೊಲಸು. ಅಡಗಿಮನಿಗೆ ಬ್ಯಾಡ."

ಶಂಕ್ರವ್ವನಿಗೂ ನಾಚಿಕೆಯೇ ಆಗಿತ್ತು. ತಾನೇ ಅದನ್ನು ಕೊಟ್ಟಿಗೆಗೆ ಒಯ್ದು ಸಗಣಿ ತುಂಬಿದಳು. ಮಳೆಗಾಲದಲ್ಲಿ ಅದು ನೆನೆದು, ಕರಗಿ, ತಿಪ್ಪೆಗೆ ಹೋಯಿತು.

"ಬುಟ್ಟಿ ಹೆಂಗೈತಿ?" ಭೇಟಿಯಾದಾಗಲೆಲ್ಲ ಅವ್ವನ ಮೊದಲ ಪ್ರಶ್ನೆ ಅದೇ.

"ಅಕ್ಕಿ ತುಂಬೇನಿ ಬೇ. ಒಂದು ಹುಳಾ ಸೈತ ಹತ್ತಿಲ್ಲ."

ಅವ್ವನ ಮುಖ ಅರಳುತ್ತಿತ್ತು. ಮುದುಕಿಯ ಸಮಾಧಾನಕ್ಕೊಂದು ಸಣ್ಣ ಸುಳ್ಳು ಎಂದುಕೊಂಡಿದ್ದಳು ಶಂಕ್ರವ್ವ. ಅದನ್ನು ಅವ್ವ ಓಣಿಗೆಲ್ಲ ಹಂಚಿ ಹಿಗ್ಗುತ್ತಾಳೆಂದು ಎಣಿಸಿರಲಿಲ್ಲ.

*

"ಗಡಿಬಿಡಿಯಾಗ ಮರತಿರಬೇಕು, ಪಾಪ," ಎಂದು ಈರಕ್ಕ ತಾನೇ ಉತ್ತರ ಕೊಟ್ಟು ಬುಟ್ಟಿ ಚಾಚಿದಳು. "ತಗೋ, ನಂದರಾಗ ಒಯ್ಯಿ."

ಶಂಕ್ರವ್ವನಿಗೆ ಕೈ ಏಳಲಿಲ್ಲ. ತವರಿನಿಂದ ಹೊರಟಾಗಲೆಲ್ಲ ಅವ್ವ ಇದೇ ಅಂಗಳದಲ್ಲಿ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿ ಕಳಿಸುತ್ತಿದ್ದಳು. ಶಂಕ್ರವ್ವ ಎರಡೂ ಕೈಯಿಂದ ಸೆರಗು ಹಿಡಿದು ಒಡ್ಡಿದಳು.

"ಬುಟ್ಟಿ ಬ್ಯಾಡಕ್ಕ. ನನ್ನ ಉಡಿಗೆ ಹಾಕ್ರಿ."

ಈರಕ್ಕ ಅವಳ ಮುಖ ನೋಡಿದಳು. ಉಪ್ಪು ಸುರಿದಳು.

ಮೆರವಣಿಗೆ ಹೊರಟಿತು. ಉಳಿದವರ ಬುಟ್ಟಿಗಳಿಂದ ಒಂದು ಹರಳೂ ಬೀಳಲಿಲ್ಲ. ಶಂಕ್ರವ್ವನ ಸೆರಗಿನ ಅಂಚಿನಿಂದ ದಾರಿಯುದ್ದಕ್ಕೂ ಉಪ್ಪು ಸೋರಿತು. ಕುಣಿಯ ಬಳಿ ನಿಂತು ಅವಳು ಉಡಿ ಕೊಡವಿದಾಗ, ಅವ್ವನ ಪಾಲಿಗೆ ಬಿದ್ದದ್ದು ಒಂದು ಹಿಡಿಯಷ್ಟೇ.